ಹಸಿ ಶೇಂಗಾಕ್ಕೆ ಬೇಲಿ, ಹುರಿದ ಶೇಂಗಾಕ್ಕೆ ದಾರಿ: ವಿದೇಶಕ್ಕೆ ಪಾರ್ಸೆಲ್ ಕಟ್ಟುವ ಮುನ್ನ

ದೀಪಾವಳಿ ಮುಗಿದು ಶೇಂಗಾ ಒಣಗಿ ಚೀಲಕ್ಕೆ ಬೀಳುವ ಹೊತ್ತಿಗೆ ನಮ್ಮ ಕಡೆಯ ಹುಡುಗರ ವಾಟ್ಸಾಪ್‌ಗೆ ಒಂದೇ ಥರದ ಮೆಸೇಜ್ ಬರೋಕೆ ಶುರುವಾಗುತ್ತೆ. ‘ಅಣ್ಣಾ, ಮೆಲ್ಬರ್ನ್‌ಗೆ ಹತ್ತು ಕೆ.ಜಿ. ಕಳಿಸ್ತೀರಾ?’ ‘ನ್ಯೂಜೆರ್ಸಿಲಿ ನಮ್ಮಕ್ಕ ಇದ್ದಾರೆ, ಸಾಮೆ ಅಕ್ಕಿ ಬೇಕಂತೆ.’ ‘ದುಬೈಗೆ ಕೊಬ್ಬರಿ ಎಷ್ಟಾಗುತ್ತೆ?’ ಹೊಲದ ವಿಡಿಯೋ ಇನ್‌ಸ್ಟಾಗ್ರಾಮ್‌ಗೆ ಹಾಕುವ ಹೊಸದುರ್ಗ, ಹೊಳಲ್ಕೆರೆ ಕಡೆಯ ಗೆಳೆಯರಿಗಂತೂ ಇದು ವರ್ಷವಿಡೀ ಇದ್ದದ್ದೇ. ಮಂಡಿಯಲ್ಲಿ ದರ ಕೇಳಿ ಮುಖ ಸಪ್ಪೆ ಮಾಡಿಕೊಂಡು ಬಂದವರಿಗೆ ಚೌಕಾಸಿ ಮಾಡದೆ ದುಡ್ಡು ಕೊಡೋ ಗಿರಾಕಿ ಸಿಕ್ಕರೆ ಯಾರು ಬೇಡ ಅಂತಾರೆ?

ಆದರೆ ಆ ಕಡೆ ಇಳಿದ ಪಾರ್ಸೆಲ್ ಗಿರಾಕಿಯ ಮನೆ ಮುಟ್ಟದೆ ನೇರ ನಾಶವಾಗೋದೂ ಇದೆ. ಕಳಿಸುವ ಖರ್ಚು ಮಾಲಿನ ಬೆಲೆಗಿಂತ ಜಾಸ್ತಿ ಇರೋ ವ್ಯವಹಾರ ಇದು. ಒಂದು ಪೆಟ್ಟಿಗೆ ಹೋದರೆ ಮಾಲು, ಕೊರಿಯರ್ ದುಡ್ಡು, ಗಿರಾಕಿ ಮೂರೂ ಹೋದ ಹಾಗೆ. ಹೆಚ್ಚಿನವರು ಪೆಟ್ಟಿಗೆ ಎಷ್ಟು ಗಟ್ಟಿ, ಟೇಪು ಎಷ್ಟು ಸುತ್ತು ಅಂತ ತಲೆ ಕೆಡಿಸಿಕೊಳ್ತಾರೆ. ಅದು ಆಮೇಲಿನ ಮಾತು. ಒಳಗಿರೋದು ಯಾವ ಪದಾರ್ಥ, ಹಸಿಯೋ ಹುರಿದದ್ದೋ, ಯಾವ ದೇಶಕ್ಕೆ, ಮಾರಾಟಕ್ಕೋ ಉಡುಗೊರೆಗೋ, ಇಷ್ಟು ತೀರ್ಮಾನ ಆಗದೆ ಪೆಟ್ಟಿಗೆ ತರೋಕೇ ಹೋಗಬೇಡಿ.

ಮೆಲ್ಬರ್ನ್‌ನ ಹತ್ತು ಕೆ.ಜಿ. ಶೇಂಗಾವನ್ನೇ ತಗೊಳ್ಳಿ. ಖಾಪ್ರಾ ಅನ್ನೋ ಜೀರುಂಡೆ ಇದೆ, ಕಾಳಿನ ಗೋದಾಮಿನ ಹುಳ. ದೊಡ್ಡದಾದ ಮೇಲೆ ಅದರ ಕಾಟ ಅಷ್ಟಿಲ್ಲ. ಮೈತುಂಬ ಕಂದು ರೋಮ ಇರೋ ಮರಿಹುಳವೇ ಕಾಳನ್ನು ಹಿಟ್ಟು ಮಾಡೋದು. ತಿನ್ನೋಕೆ ಏನೂ ಸಿಗದಿದ್ದರೂ ಗೋಡೆ ಬಿರುಕಿನಲ್ಲಿ, ಗೋಣಿಚೀಲದ ಹೊಲಿಗೆಯಲ್ಲಿ ವರ್ಷಗಟ್ಟಲೆ ಸುಮ್ಮನೆ ಕೂತಿರುತ್ತೆ. ಆ ಸ್ಥಿತಿಯಲ್ಲಿ ಗೋದಾಮಿಗೆ ಇಡುವ ವಿಷದ ಮಾತ್ರೆಗೂ ಸುಲಭಕ್ಕೆ ಜಗ್ಗಲ್ಲ. ನಮ್ಮ ದೇಶದಲ್ಲಿ ಇದು ಹಳೇ ನೆಂಟ. ಆಸ್ಟ್ರೇಲಿಯಾದವರಿಗೆ ಮಾತ್ರ ದೊಡ್ಡ ಭಯ, ಯಾಕಂದ್ರೆ ಅವರ ಗೋಧಿ ರಫ್ತು ನಿಂತಿರೋದೇ ‘ನಮ್ಮಲ್ಲಿ ಈ ಹುಳ ಇಲ್ಲ’ ಅನ್ನೋ ಮಾತಿನ ಮೇಲೆ. ಹಾಗಾಗಿ 2020ರ ಅಕ್ಟೋಬರ್‌ನಿಂದ ಖಾಪ್ರಾ ಕೂರಬಹುದಾದ ಕಾಳುಕಡಿಯನ್ನು ಅಂಚೆಯಲ್ಲಾಗಲಿ, ಪ್ರಯಾಣಿಕರ ಬ್ಯಾಗಿನಲ್ಲಾಗಲಿ ತರುವಂತಿಲ್ಲ ಅಂತ ಬಾಗಿಲು ಹಾಕಿದರು.

ಆ ಪಟ್ಟಿ ಓದಿದರೆ ನಮ್ಮ ಜಿಲ್ಲೆಯ ಸಂತೆಯಲ್ಲಿ ನಿಂತ ಹಾಗಾಗುತ್ತೆ. ಶೇಂಗಾ, ಒಣ ಮೆಣಸಿನಕಾಯಿ, ತೊಗರಿ, ಹೆಸರು, ಅಲಸಂದೆ, ಕಡಲೆ, ಅಕ್ಕಿ, ಗೋಧಿ, ಕುಸುಬೆ, ಧನಿಯಾ, ಜೀರಿಗೆ, ಕುಂಬಳ ಜಾತಿಯ ಬೀಜ, ಎಲ್ಲ ಇವೆ. ನೀವು ಸಾವಯವವಾಗಿ ಬೆಳೆದಿರಿ, ವ್ಯಾಕ್ಯೂಮ್ ಪ್ಯಾಕ್ ಮಾಡಿರಿ, ಉಡುಗೊರೆ ಅಂತ ಬರೆದಿರಿ, ಹಸಿ ಶೇಂಗಾ ಹಸಿ ಶೇಂಗಾವೇ.

ದಾರಿ ಇರೋದು ಬೆಂಕಿಯಲ್ಲಿ. ಹುರಿದ, ಕರಿದ, ಬೇಯಿಸಿದ, ಅರಳಿಸಿದ ಪದಾರ್ಥ ಕಂಪನಿ ಮಾಲಿನ ಹಾಗೆ ತಯಾರಾಗಿ ಪ್ಯಾಕ್ ಆಗಿದ್ದರೆ ಈ ನಿಷೇಧ ಅದಕ್ಕಿಲ್ಲ. ಅಂದರೆ ಅಮ್ಮ ಬಾಣಲೆಯಲ್ಲಿ ಹುರಿದು ಸ್ಟೀಲ್ ಡಬ್ಬಿಗೆ ತುಂಬಿ ಕೊಟ್ಟದ್ದಕ್ಕಿಂತ, ಅದೇ ಶೇಂಗಾವನ್ನು ನೋಂದಾಯಿತ ಘಟಕದಲ್ಲಿ ಹುರಿಸಿ, ಎಫ್‌ಎಸ್‌ಎಸ್‌ಎಐ ನಂಬರು, ಬ್ಯಾಚ್ ನಂಬರು, ತಯಾರಿಕೆ ದಿನಾಂಕ ಹಾಕಿ ಸೀಲ್ ಮಾಡಿದ ಪೊಟ್ಟಣಕ್ಕೆ ಅಲ್ಲಿ ಬೆಲೆ ಜಾಸ್ತಿ. ರುಚಿಯ ಮಾತಲ್ಲ ಇದು, ಕಾನೂನಿನ ಮಾತು. ನನ್ನ ಕೇಳಿದರೆ ಆಸ್ಟ್ರೇಲಿಯಾದ ಗಿರಾಕಿಗೆ ಹಸಿ ಬೀಜದ ಬದಲು ಹುರಿದ ಬೀಜ, ಶೇಂಗಾ ಚಟ್ನಿಪುಡಿ, ಶೇಂಗಾ ಚಿಕ್ಕಿ ಇವನ್ನೇ ತೋರಿಸಿ. ದರವೂ ಚೆನ್ನಾಗಿ ಸಿಗುತ್ತೆ. ಸಾಮೆ, ನವಣೆಯಂಥ ಸಿರಿಧಾನ್ಯಕ್ಕೆ ‘ಬೈಕಾನ್’ ಅನ್ನೋ ಅವರ ಸರ್ಕಾರದ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಬೇಕು. ಫೋನಲ್ಲೇ ತೆರೆಯುತ್ತೆ, ದುಡ್ಡಿಲ್ಲ. ಮೊಳಕೆ ಬರೋ ಇಡೀ ಕಾಳು ಅವರ ಕಣ್ಣಿಗೆ ಊಟ ಅಲ್ಲ, ಬೀಜ ಅನ್ನೋದು ನೆನಪಿರಲಿ.

ಈಗ ಹಿರಿಯೂರಿನ ತೆಂಗಿಗೆ ಬರೋಣ. 2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷದ ನಂತರ ಕೋಡಿ ಬಿದ್ದಾಗ ಊರಿಗೂರೇ ಹಬ್ಬ ಮಾಡಿದ್ದು ನಿಮಗೂ ನೆನಪಿರಬೇಕು. ತೋಟ ಉಳಿಯಿತು, ಕೊಬ್ಬರಿ ಅಟ್ಟ ತುಂಬಿತು. ಆದರೆ ಆ ಕೊಬ್ಬರಿ ಗಿಟುಕು ವಿಮಾನ ಹತ್ತೋದು ಸುಲಭ ಇಲ್ಲ. ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಒಣ ಕೊಬ್ಬರಿಗೆ 1363 ಅನ್ನೋ ನಂಬರೇ ಇದೆ, 4.2ನೇ ವರ್ಗ. ಅಂದರೆ ತಾನಾಗಿಯೇ ಹೊತ್ತಿಕೊಳ್ಳಬಲ್ಲ ವಸ್ತು. ನಗು ಬರುತ್ತೆ, ಆದರೆ ಕಾರಣ ಸರಿಯಾಗಿಯೇ ಇದೆ. ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ. ಸ್ವಲ್ಪ ತೇವ ಉಳಿದ ಕೊಬ್ಬರಿಯನ್ನು ಒತ್ತಾಗಿ ತುಂಬಿಟ್ಟರೆ ಎಣ್ಣೆ ಗಾಳಿಯ ಜೊತೆ ಸೇರಿ ಬಿಸಿಯಾಗುತ್ತೆ, ಆ ಬಿಸಿ ಹೊರಗೆ ಹೋಗೋಕೆ ಜಾಗ ಇರಲ್ಲ. ಅದಕ್ಕೇ ಪ್ರಯಾಣಿಕರ ಬ್ಯಾಗಿನಲ್ಲೂ ಕೊಬ್ಬರಿ ಕಂಡರೆ ತೆಗೆಸ್ತಾರೆ, ಅಂಚೆಯಲ್ಲೂ ಬೇಡ ಅಂತಾರೆ. ‘ಡ್ರೈ ಫ್ರೂಟ್ಸ್’ ಅಂತ ಬರೆದು ಕಳಿಸೋ ಜಾಣತನ ಬೇಡ. ಸ್ಕ್ಯಾನರ್‌ನಲ್ಲಿ ಗಿಟುಕಿನ ಗುಂಡು ಆಕಾರ ಮುಚ್ಚಿಡೋಕಾಗಲ್ಲ.

ಕೊಬ್ಬರಿ ಎಣ್ಣೆ, ಕೊಬ್ಬರಿ ಮಿಠಾಯಿಗೆ ಈ ತೊಂದರೆ ಇಲ್ಲ. ಎಣ್ಣೆಗೆ ಬೇರೆಯದೇ ತೊಂದರೆ: ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗುತ್ತೆ, ಮತ್ತೆ ಬಿಸಿಯಾದಾಗ ಕರಗಿ ಮುಚ್ಚಳದ ಸಂದಿಯಲ್ಲಿ ಜಿನುಗುತ್ತೆ. ಬಾಟಲಿ ಬಾಯಿಗೆ ಇಂಡಕ್ಷನ್ ಸೀಲ್ ಹಾಕಿಸಿ, ಎಣ್ಣೆ ಕರಗಿರುವಾಗಲೇ ಒಂದು ರಾತ್ರಿ ತಲೆಕೆಳಗಾಗಿ ಕಾಗದದ ಮೇಲೆ ಇಡಿ. ಬೆಳಿಗ್ಗೆ ಕಾಗದದಲ್ಲಿ ಕಲೆ ಇಲ್ಲದಿದ್ದರೆ ಮಾತ್ರ ಪ್ಯಾಕ್ ಮಾಡಿ.

ಅಮೆರಿಕದ ನಿಯಮ ಎರಡು ಕಡೆಯಿಂದ ಬರುತ್ತೆ. ಹುಳ, ರೋಗದ ವಿಷಯ ಅವರ ಕೃಷಿ ಇಲಾಖೆಗೆ, ಆಹಾರದ ವಿಷಯ ಎಫ್‌ಡಿಎಗೆ. ಖಾಪ್ರಾ ಭಯ ಅವರಿಗೂ ಇದೆ. ನಮ್ಮ ದೇಶದಿಂದ ಅಕ್ಕಿ, ಕಡಲೆ, ಸೋಯಾ, ಕುಸುಬೆಯನ್ನು ಮನೆಮಟ್ಟಿನ ಸಣ್ಣ ಪಾರ್ಸೆಲ್‌ನಲ್ಲಿ ಕಳಿಸುವಂತಿಲ್ಲ. ಹುಚ್ಚೆಳ್ಳು ಬೆಳೆಯೋರಿಗೆ ಇನ್ನೊಂದು ಮಾತು: ಅದರ ಜೊತೆ ಕಸ್ಕ್ಯೂಟ ಕಳೆಯ ಬೀಜ ಬರುತ್ತೆ ಅಂತ ಇಡೀ ಹುಚ್ಚೆಳ್ಳನ್ನು ಶಾಖೋಪಚಾರ ಇಲ್ಲದೆ ಒಳಗೆ ಬಿಡಲ್ಲ. ಕರಿಬೇವು ಬೇಡವೇ ಬೇಡ. ನಿಂಬೆ, ಕಿತ್ತಳೆ ತೋಟ ಒಣಗಿಸುವ ಗ್ರೀನಿಂಗ್ ರೋಗ ಹರಡುವ ಕೀಟ ಆ ಎಲೆಯ ಮೇಲೂ ಬದುಕುತ್ತೆ. ಚಟ್ನಿಪುಡಿ ಪೊಟ್ಟಣದ ಜೊತೆ ಹಿಡಿ ಕರಿಬೇವು ತುರುಕಿ ಕಳಿಸೋ ಅಮ್ಮಂದಿರಿಗೂ ಇದನ್ನ ಹೇಳಿ.

ಆಹಾರದ ಕಡೆ: ಮನೆಯಲ್ಲಿ ಮಾಡಿ, ಮಾಡಿದವರೇ ಅಲ್ಲಿನ ಒಬ್ಬರಿಗೆ ಉಡುಗೊರೆಯಾಗಿ ಕಳಿಸಿದರೆ ಎಫ್‌ಡಿಎಗೆ ಮುಂಗಡ ಸೂಚನೆ ಕೊಡಬೇಕಿಲ್ಲ. ಮಾರಾಟ ಆದರೆ ಕೊಡಲೇಬೇಕು. ಅಂಚೆಯಲ್ಲಾದರೆ ಪೆಟ್ಟಿಗೆ ಕೊಡುವ ಮೊದಲೇ ಆನ್‌ಲೈನ್‌ನಲ್ಲಿ ತುಂಬಿಸಿ, ಬಂದ ನಂಬರನ್ನು ಕಾಗದಪತ್ರದಲ್ಲಿ ಬರೆಯಬೇಕು. ಪೊಟ್ಟಣದ ಮೇಲೆ ಅಲರ್ಜಿ ಸೂಚನೆ ಇಂಗ್ಲಿಷಿನಲ್ಲಿರಬೇಕು. ಶೇಂಗಾ ಮೊದಲಿಂದಲೂ ಆ ಪಟ್ಟಿಯಲ್ಲಿದೆ, 2023ರ ಜನವರಿಯಿಂದ ಎಳ್ಳೂ ಸೇರಿದೆ. ಇನ್ನು ಸುಂಕ. 2025ರ ಆಗಸ್ಟ್ ಕೊನೆಗೆ ಸಣ್ಣ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿಯನ್ನು ಅಮೆರಿಕ ತೆಗೆದುಹಾಕಿದಾಗ ನಮ್ಮ ಅಂಚೆ ಇಲಾಖೆ ಅಲ್ಲಿಗೆ ಪಾರ್ಸೆಲ್ ತಗೊಳ್ಳೋದನ್ನೇ ನಿಲ್ಲಿಸಿತ್ತು. ಅಕ್ಟೋಬರ್ 15ರಿಂದ ಮತ್ತೆ ಶುರುವಾಯಿತು. ಸುಂಕದ ದರ ಆಗಾಗ ಬದಲಾಗ್ತಿರೋದರಿಂದ ಗಿರಾಕಿಗೆ ರೇಟು ಹೇಳುವ ದಿನವೇ ಅಂಚೆ ಕಚೇರಿಯಲ್ಲಿ ಕೇಳಿ. ಹೋದ ತಿಂಗಳ ಲೆಕ್ಕ ಹಿಡಿದು ಒಪ್ಪಿಕೊಳ್ಳಬೇಡಿ.

ಗಲ್ಫ್ ದೇಶಗಳ ವಿಷಯ ಚಿಕ್ಕದು, ಆದರೆ ಪಾರ್ಸೆಲ್ ಹೋಗೋದಲ್ಲ, ಮನುಷ್ಯ ಜೈಲಿಗೆ ಹೋಗೋ ವಿಷಯ. ಗಸಗಸೆ ಯುಎಇಯಲ್ಲಿ ಮಾದಕವಸ್ತುವಿನ ಲೆಕ್ಕ, ಸಿಂಗಪುರದಲ್ಲೂ ಹಾಗೇ. ಹಬ್ಬದ ಪಾಯಸಕ್ಕೆ ಅಂತ ಐವತ್ತು ಗ್ರಾಂ ಕಳಿಸಿದರೂ ತೊಂದರೆ ತಗೊಂಡವರಿಗೆ. ಎಲೆಅಡಿಕೆಯೂ ದುಬೈಗೆ ಬೇಡ. ಹೊಳಲ್ಕೆರೆಯ ಅಡಿಕೆ ಎಷ್ಟೇ ಚೆನ್ನಾಗಿರಲಿ, ಪಾನ್ ಪದಾರ್ಥ ಅಲ್ಲಿ ನಿಷೇಧ.

ಯುರೋಪು ಮತ್ತು ಬ್ರಿಟನ್‌ಗೆ ಹಾಲಿನ ಪದಾರ್ಥ, ಮಾಂಸ ಪಾರ್ಸೆಲ್‌ನಲ್ಲಿ ಹೋಗಲ್ಲ. ನಾಟಿ ಹಸುವಿನ ತುಪ್ಪಕ್ಕೆ ಲಂಡನ್‌ನಿಂದ ಎಷ್ಟೇ ಬೇಡಿಕೆ ಬಂದರೂ ಇಲ್ಲ ಅನ್ನಿ. ತಾಜಾ ಹಣ್ಣು ತರಕಾರಿಗೆ 2019ರ ಡಿಸೆಂಬರ್‌ನಿಂದ ಐರೋಪ್ಯ ಒಕ್ಕೂಟ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತೆ. ಬಾಳೆ, ತೆಂಗು, ಅನಾನಸ್, ಖರ್ಜೂರ, ಡುರಿಯನ್ ಐದಕ್ಕೆ ಮಾತ್ರ ವಿನಾಯಿತಿ. ನಮ್ಮ ದಾಳಿಂಬೆಯನ್ನು ಪೆಟ್ಟಿಗೆಗೆ ಹಾಕಿ ಅಂಚೆಗೆ ಕೊಡೋ ಆಸೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. ಅದು ಎಪೆಡಾ ನೋಂದಣಿ ಇರೋ ತೋಟ, ಪ್ಯಾಕ್‌ಹೌಸ್, ಶೀತಲ ಕಂಟೇನರ್ ದಾರಿಯಲ್ಲೇ ಹೋಗಬೇಕಾದ ಹಣ್ಣು.

ಶೇಂಗಾದ ಇನ್ನೊಂದು ಶತ್ರು ಅಫ್ಲಟಾಕ್ಸಿನ್, ಬೂಷ್ಟಿನ ವಿಷ. ನೇರ ತಿನ್ನುವ ಶೇಂಗಾಕ್ಕೆ ನಮ್ಮ ಎಫ್‌ಎಸ್‌ಎಸ್‌ಎಐ ಮಿತಿ ಕೆ.ಜಿ.ಗೆ 10 ಮೈಕ್ರೊಗ್ರಾಂ. ಐರೋಪ್ಯ ಒಕ್ಕೂಟದ್ದು ಬರೀ 4, ಅದರಲ್ಲೂ ಬಿ1 ಅನ್ನೋದು 2 ಮೀರಬಾರದು. ಇದು ಹೊಲದಲ್ಲಿ, ಕಣದಲ್ಲಿ ಗೆಲ್ಲೋ ಅಥವಾ ಸೋಲೋ ಲೆಕ್ಕ, ಹುರಿಯೋದರಿಂದ ಪೂರ್ತಿ ಹೋಗಲ್ಲ. ಮಿಷನ್‌ಗೆ ಹಾಕುವ ಮುಂಚೆ ಕಾಯಿಗೆ ನೀರು ಚಿಮುಕಿಸಿ ನೆನೆಸೋ ಅಭ್ಯಾಸ ಇದೆಯಲ್ಲ, ಬೇಳೆ ಒಡೆಯಬಾರದು ಅಂತ, ರಫ್ತಿನ ಮಾಲಿಗೆ ಅದು ಪೂರ್ತಿ ಬಂದ್ ಆಗಬೇಕು. ಸುಕ್ಕು ಬೀಜ, ಮುರುಕು, ಬಣ್ಣಗೆಟ್ಟದ್ದು ಕೈಯಲ್ಲಿ ಆರಿಸಿ ತೆಗೆಯಿರಿ. ಬೀಜದ ತೇವಾಂಶ ಶೇ 7ರ ಒಳಗಿರಲಿ. ಮೀಟರ್ ಇಲ್ಲದಿದ್ದರೆ ಬಬ್ಬೂರು ಫಾರ್ಮಿನ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ. ಮಾರಾಟದ ಮಾಲಿಗೆ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬ್ ವರದಿ ಬ್ಯಾಚಿಗೊಂದು ಇರಲಿ.

ಕಾಗದಪತ್ರಕ್ಕೆ ಬರೋಣ. ತಂಗಿಗೆ ಕಳಿಸೋ ಡಬ್ಬಿಗೂ ದುಡ್ಡು ತಗೊಂಡು ಕಳಿಸೋ ಡಬ್ಬಿಗೂ ಮಧ್ಯೆ ಗೆರೆ ದಪ್ಪ ಇದೆ. ಉಡುಗೊರೆಗೆ ರಫ್ತು ಲೈಸೆನ್ಸ್ ಬೇಡ, ಕಸ್ಟಮ್ಸ್ ಚೀಟಿ ಸಾಕು. ಗೂಗಲ್ ಪೇ ‘ಟಿಣ್’ ಅಂದ ಕ್ಷಣ ಅದು ರಫ್ತು. ಆಗ ಬೇಕಾಗೋದು ಡಿಜಿಎಫ್‌ಟಿ ವೆಬ್‌ಸೈಟಿನಲ್ಲಿ ಸಿಗುವ ಐಇಸಿ ನಂಬರು. ಪ್ಯಾನ್, ಬ್ಯಾಂಕ್ ಖಾತೆ ಇದ್ದರೆ ಫೋನಲ್ಲೇ ಅರ್ಜಿ ಹಾಕಬಹುದು, ಶುಲ್ಕ 500 ರೂಪಾಯಿ. ಅದನ್ನು ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅಪ್‌ಡೇಟ್ ಮಾಡದಿದ್ದರೆ ನಿಷ್ಕ್ರಿಯವಾಗುತ್ತೆ. ಜೂನ್ ಅಂದರೆ ನಮಗೆ ಬಿತ್ತನೆ ಗಡಿಬಿಡಿ, ಕ್ಯಾಲೆಂಡರ್‌ನಲ್ಲಿ ಏಪ್ರಿಲ್‌ಗೇ ಗುರುತು ಹಾಕಿಕೊಳ್ಳಿ. ಪದಾರ್ಥದ ಪ್ರಕಾರ ಮಂಡಳಿ ನೋಂದಣಿ ಬೇರೆ: ಶೇಂಗಾ, ಸಿರಿಧಾನ್ಯ, ಹಣ್ಣಿಗೆ ಎಪೆಡಾ, ಮೆಣಸಿನಕಾಯಿ, ಹುಣಸೆ, ಧನಿಯಾಕ್ಕೆ ಸಾಂಬಾರ ಮಂಡಳಿ, ತೆಂಗಿನ ಉತ್ಪನ್ನಕ್ಕೆ ತೆಂಗು ಅಭಿವೃದ್ಧಿ ಮಂಡಳಿ. ಒಬ್ಬೊಬ್ಬರೇ ಇಷ್ಟೆಲ್ಲ ಮಾಡೋದು ಕಷ್ಟ. ಹತ್ತು ಜನ ಸೇರಿ ನಿಮ್ಮ ಎಫ್‌ಪಿಒ ಹೆಸರಲ್ಲಿ ಮಾಡಿಸೋದು ಲೇಸು ಅನ್ನೋದು ನನ್ನ ಅಭಿಪ್ರಾಯ.

ಕಳಿಸೋಕೆ ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರ ಇದೆ, ಎಲ್ಲರೂ ಡಿಎನ್‌ಕೆ ಅಂತಾರೆ. 2022ರಿಂದ ಬಂದ ವ್ಯವಸ್ಥೆ. ಪೋರ್ಟಲ್‌ನಲ್ಲಿ ಖಾತೆ ತೆರೆದು ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್ ಅನ್ನು ನೀವೇ ತುಂಬಿಸಬಹುದು. ಕಸ್ಟಮ್ಸ್ ಕೆಲಸ ಬೆಂಗಳೂರಿನ ವಿದೇಶಿ ಅಂಚೆ ಕಚೇರಿಯಲ್ಲಿ ನಡೆಯುತ್ತೆ, ನೀವು ಅಲ್ಲಿಗೆ ಓಡಾಡಬೇಕಿಲ್ಲ. ನಿಮಗೆ ಹತ್ತಿರದ ಕೇಂದ್ರ ಯಾವುದು ಅಂತ ಚಿತ್ರದುರ್ಗದ ಪ್ರಧಾನ ಅಂಚೆ ಕಚೇರಿಯಲ್ಲಿ ಕೇಳಿ.

ಆ ಫಾರಂನಲ್ಲಿ ಎಲ್ಲರೂ ಎಡವೋದು ಎಚ್‌ಎಸ್ ಕೋಡ್ ಹತ್ತಿರ. ಲೋಕದಲ್ಲಿ ಎಲ್ಲ ಸರಕಿಗೂ ಒಂದು ನಂಬರಿದೆ. ಹಸಿ ಶೇಂಗಾ 1202ರ ಕೆಳಗೆ, ಹುರಿದದ್ದು 2008ರ ಕೆಳಗೆ. ಸಿರಿಧಾನ್ಯ 1008, ಕೊಬ್ಬರಿ ಗಿಟುಕು 1203, ಕೊಬ್ಬರಿ ಎಣ್ಣೆ 1513. ಹುರಿದ ಶೇಂಗಾ ಕಳಿಸಿ 1202 ಅಂತ ತುಂಬಿಸಿದರೆ ಸರಿಯಾದ ಮಾಲನ್ನೂ ಆಸ್ಟ್ರೇಲಿಯಾದಲ್ಲಿ ತಡೆದು ನಿಲ್ಲಿಸೋ ಸಾಧ್ಯತೆ ಇದೆ. ಹೆಸರನ್ನೂ ಬಿಡಿಸಿ ಬರೆಯಿರಿ. ಒಮ್ಮೆ ನನ್ನ ಚಟ್ನಿಪುಡಿ ಪಾರ್ಸೆಲ್‌ಗೆ ಒಬ್ಬ ಬುಕಿಂಗ್ ಏಜೆಂಟ್ ಬರೀ ‘ಫುಡ್ ಐಟಂ’ ಅಂತ ಬರೆದು ಕಳಿಸಿದ್ದ, ಎರಡು ವಾರ ಅದು ಆ ಕಡೆಯ ಕಸ್ಟಮ್ಸ್‌ನಲ್ಲಿ ಕೂತಿತ್ತು. ‘ಹುರಿದ ಶೇಂಗಾ ಚಟ್ನಿಪುಡಿ, 250 ಗ್ರಾಂ, 8 ಪೊಟ್ಟಣ, ಇಷ್ಟು ಬೆಲೆ’ ಅಂತ ಇಂಗ್ಲಿಷಿನಲ್ಲಿ ಇರಬೇಕು, ರಸೀದಿ ಕೊಡೋ ಮುಂಚೆ ಆ ಚೀಟಿಯನ್ನ ನೀವೇ ಓದಬೇಕು. ಬೆಲೆ ಕಮ್ಮಿ ತೋರಿಸೋದು, ಮಾರಾಟವನ್ನ ‘ಗಿಫ್ಟ್’ ಅನ್ನೋದು, ಎರಡೂ ಬೇಡ. ಕಳೆದುಹೋದರೆ ಪರಿಹಾರ ಸಿಗೋದೂ ಆ ಬರೆದ ಬೆಲೆಗೇ.

ಹಸಿ ಕಾಳು, ಬೀಜ, ಸೊಪ್ಪು, ಗಿಡಕ್ಕೆ ಆ ದೇಶ ಕೇಳಿದರೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬೆಂಗಳೂರಿನ ಪ್ರಾದೇಶಿಕ ಸಸ್ಯ ಸಂಗರೋಧ ಕೇಂದ್ರದಲ್ಲಿ ಮಾಲು ತಪಾಸಣೆ ಮಾಡಿ ಕೊಡ್ತಾರೆ, ಅರ್ಜಿ ಆನ್‌ಲೈನ್. ಎರಡು ಕೆ.ಜಿ. ಮಾಲಿಗೆ ಇಷ್ಟು ಓಡಾಟ ಗಿಟ್ಟಲ್ಲ, ಇಪ್ಪತ್ತು ಗಿರಾಕಿ ಸೇರಿಸಿ ಒಟ್ಟಿಗೆ ಕಳಿಸುವಾಗ ಗಿಟ್ಟುತ್ತೆ.

ಸಾವಯವದವರಿಗೆ, ನನ್ನನ್ನೂ ಸೇರಿಸಿ, ಒಂದು ಕಹಿ ಮಾತು. ಪಿಜಿಎಸ್ ಪ್ರಮಾಣಪತ್ರ ದೇಶದ ಒಳಗಿನ ಮಾರಾಟಕ್ಕೆ ಮಾತ್ರ. ರಫ್ತಿನ ಪೊಟ್ಟಣದ ಮೇಲೆ ‘ಆರ್ಗಾನಿಕ್’ ಅಂತ ಹಾಕಬೇಕಾದರೆ ಎನ್‌ಪಿಒಪಿ ಪ್ರಮಾಣೀಕರಣ, ಜೊತೆಗೆ ಆ ಸರಕಿನದ್ದೇ ವಹಿವಾಟು ಪ್ರಮಾಣಪತ್ರ ಬೇಕು. ಅಮೆರಿಕ 2021ರಲ್ಲಿ ನಮ್ಮ ಜೊತೆಗಿನ ಮಾನ್ಯತೆ ಒಪ್ಪಂದ ಮುರಿದ ಮೇಲೆ ಅಲ್ಲಿಗೆ ಅವರದ್ದೇ ಎನ್‌ಒಪಿ ಬೇಕು. ಅದಿಲ್ಲದವರು ಆ ಪದವನ್ನ ಬಿಟ್ಟು ಊರು, ತಳಿ, ಹುರಿದ ದಿನಾಂಕ ಹಾಕಿ. ಹೊಸದುರ್ಗದ ಸಾಮೆ ಅಂದರೆ ಗೊತ್ತಿರೋರಿಗೆ ಅಷ್ಟೇ ಸಾಕು.

ಈಗ ಪೆಟ್ಟಿಗೆ. ಐದು ಪದರದ ಹೊಸ ರಟ್ಟಿನ ಪೆಟ್ಟಿಗೆಯೇ ಆಗಲಿ. ಕಿರಾಣಿ ಅಂಗಡಿಯ ಹಳೇ ಪೆಟ್ಟಿಗೆ ಮೇಲೆ ಸೋಪಿನ ಹೆಸರು, ಬಾರ್‌ಕೋಡು ಇದ್ದರೆ ಗೊಂದಲ. ಹಣ್ಣು, ಮೊಟ್ಟೆಯ ಪೆಟ್ಟಿಗೆಯಾದರೆ ಅನುಮಾನ ಬೇರೆ. ಸಂದಿ ತುಂಬೋಕೆ ಹುಲ್ಲು, ತೆಂಗಿನ ನಾರು, ಭತ್ತದ ಹೊಟ್ಟು ಹಾಕಲೇಬೇಡಿ, ಒಳಗಿನ ಮಾಲು ಪಾಸಾದರೂ ಹುಲ್ಲಿನಿಂದ ಫೇಲ್ ಆಗುತ್ತೆ. ಬಬಲ್ ಶೀಟ್ ಅಥವಾ ಖಾಲಿ ಕಂದು ಕಾಗದ ಸಾಕು. ಮರದ ಪೆಟ್ಟಿಗೆ ಬೇಕೇಬೇಕು ಅಂದರೆ ಮರದ ಒಳಭಾಗವೂ 56 ಡಿಗ್ರಿಯಲ್ಲಿ 30 ನಿಮಿಷ ಕಾದಿದೆ ಅನ್ನೋ ಐಎಸ್‌ಪಿಎಂ 15 ಮುದ್ರೆ ಇರಬೇಕು. ಪ್ಲೈವುಡ್‌ಗೆ ಆ ಮುದ್ರೆ ಬೇಡ.

ಪೊಟ್ಟಣ ದಪ್ಪ ಲ್ಯಾಮಿನೇಟ್ ಕವರಿನದ್ದಿರಲಿ, ಎರಡು ಸಲ ಶಾಖದ ಸೀಲ್. ಹುರಿದ ಬೀಜ ಪೂರ್ತಿ ಆರೋ ಮುಂಚೆ ತುಂಬಿದರೆ ಒಳಗೆ ಬೆವರುತ್ತೆ. ಪೆಟ್ಟಿಗೆಯ ಒಳಗೂ ವಿಳಾಸದ ಒಂದು ಪ್ರತಿ, ಪದಾರ್ಥದ ಪಟ್ಟಿ ಇಡಿ, ಹೊರಗಿನ ಚೀಟಿ ಹರಿದರೆ ಅದೇ ಗತಿ. ಅಳತೆಯ ಬಗ್ಗೆಯೂ ಹುಷಾರು. ಖಾಸಗಿ ಕೊರಿಯರ್‌ನವರು ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 5000ದಿಂದ ಭಾಗಿಸ್ತಾರೆ. 40, 30, 30ರ ಪೆಟ್ಟಿಗೆಗೆ 7.2 ಕೆ.ಜಿ. ಲೆಕ್ಕ ಬರುತ್ತೆ, ಒಳಗೆ ಮೂರೇ ಕೆ.ಜಿ. ಮಂಡಕ್ಕಿ ಇದ್ದರೂ!

ದುಡ್ಡು ಪೂರ್ತಿ ಮುಂಗಡ ತಗೊಳ್ಳಿ. ಅಲ್ಲಿನ ಸುಂಕ ಯಾರು ಕಟ್ಟಬೇಕು, ತಡೆದು ನಾಶ ಮಾಡಿದರೆ ನಷ್ಟ ಯಾರದ್ದು ಅನ್ನೋದನ್ನ ಆರ್ಡರ್ ಒಪ್ಪಿಕೊಳ್ಳುವಾಗಲೇ ವಾಟ್ಸಾಪ್‌ನಲ್ಲಿ ಬರೆದು, ‘ಸರಿ’ ಅನ್ನೋ ಉತ್ತರ ಬಂದ ಮೇಲೆ ಪ್ಯಾಕ್ ಮಾಡಿ. ಹೊಸ ದೇಶಕ್ಕೆ ಮೊದಲ ಸಲ ಒಂದು ಕೆ.ಜಿ. ದಾಟಿಸಬೇಡಿ. ಪೆಟ್ಟಿಗೆ ಬಿಚ್ಚುವಾಗ ವಿಡಿಯೋ ಮಾಡಿ ಕಳಿಸೋಕೆ ಗಿರಾಕಿಗೆ ಹೇಳಿ. ಯಾವ ಮೂಲೆ ಜಜ್ಜಿದೆ, ಎಲ್ಲಿ ಜಿನುಗಿದೆ, ಕಸ್ಟಮ್ಸ್‌ನವರು ತೆರೆದು ಮತ್ತೆ ಅಂಟಿಸಿದ ಟೇಪ್ ಇದೆಯಾ ಅನ್ನೋದು ಅದರಲ್ಲೇ ಕಾಣುತ್ತೆ.